ಚಾಕ್ ತಸ್ರಿಪಿನ್ ಹೆಸರು ಹಾಕದ ಬಟ್ಟೆ

ರಸ್ತೆ ಬದಿಯ ಡೇರೆ ಅಂಗಡಿಯಲ್ಲಿ ಕುಳಿತು ಹುರಿದ ಮೀನು ತಿಂದವರೆಲ್ಲ ಚಾಕ್ ತಸ್ರಿಪಿನ್‌ನ ಕೈಕೆಲಸ ನೋಡಿರುತ್ತಾರೆ. ಅವನನ್ನು ಮಾತ್ರ ಯಾರೂ ನೋಡಿರುವುದಿಲ್ಲ. ಆ ಅಂಗಡಿಗಳ ಮುಂದೆ ಮಂಡಿಯವರೆಗೆ ಇಳಿಬಿಟ್ಟ ಬಿಳಿ ಬಟ್ಟೆ ಇರುತ್ತದಲ್ಲ, ಅದರ ಮೇಲೆ ಒಂದು ಕಡೆ ಹುಂಜ, ಇನ್ನೊಂದು ಕಡೆ ಬಾತುಕೋಳಿ, ನಡುವೆ ಮೀಸೆ ಹುರಿಗೊಳಿಸಿಕೊಂಡು ಕುಳಿತ ಲೆಲೆ ಎಂಬ ಬೆಕ್ಕುಮೀನು, ಮೇಲೆ ನೆರಳು ಕೊಟ್ಟ ದಪ್ಪ ಅಕ್ಷರಗಳು. ಒಳಗೆ ದೀಪ ಹಚ್ಚಿದರೆ ಹಳದಿ, ಹಸಿರು, ಗುಲಾಬಿ ಎಲ್ಲ ಎದ್ದು ನಿಲ್ಲುತ್ತವೆ. ಅಂಥ ಬಟ್ಟೆ ಬರೆಯುವುದೇ ಅವನ ಕಸುಬು. ನಮ್ಮ ಊರಿನಿಂದ ಜಕಾರ್ತಾಕ್ಕೆ ಹೋದವರು, ಸುಮಾತ್ರಾಕ್ಕೆ ಹೋದವರು, ಅಂಗಡಿ ಇಡುವಾಗ ಬಾಣಲೆಗಿಂತ ಮೊದಲು ತರಿಸಿಕೊಳ್ಳುವುದು ಅವನ ಬಟ್ಟೆಯನ್ನು.

ಬರೆಯುವವನು ಅವನು, ಅಂಚು ಮಡಿಸಿ ಹೊಲಿಯುವವಳು ನಾನು, ಕಸ್ಮಿನಾ. ಅವನ ಮನೆಯ ಎದುರುಮನೆಯವಳು. ನನ್ನ ಬಾಯಿ ಸರಿಯಿಲ್ಲ ಎಂದು ಊರು ಹೇಳುತ್ತದೆ, ಊರಿನ ಕಿವಿ ಸರಿಯಿಲ್ಲ ಎಂದು ನಾನು ಹೇಳುತ್ತೇನೆ. ಚಾಕ್ ಅಂದರೆ ಅಣ್ಣ. ಒಡಹುಟ್ಟಿದವನಲ್ಲ, ಆದರೆ ಒಂದೇ ಓಣಿಯಲ್ಲಿ ಬೆಳೆದವರಿಗೆ ಅದೇ ಸಾಕು.

ಅವನ ಬಟ್ಟೆಗಳಿಗೆಲ್ಲ ಕೆಳಗಿನ ಬಲಮೂಲೆಯಲ್ಲಿ ಅವನ ಹೆಸರು ಇರುತ್ತದೆ. ಕೆಲಸ ಮುಗಿದ ಮೇಲೆ ಸಣ್ಣ ಕುಂಚದಲ್ಲಿ ಅದನ್ನು ಬರೆಯುವಾಗ ನಾಲಿಗೆಯ ತುದಿ ಹೊರಗೆ ಬಂದಿರುತ್ತದೆ. ಅಷ್ಟು ಹೊತ್ತು ಮಾತಾಡಿಸಬಾರದು. ಅದೊಂದೇ ಅವನಿಗಿರುವ ಜಂಬ. ಮಿಕ್ಕ ವಿಷಯದಲ್ಲಿ ಆ ಮನುಷ್ಯನಿಗೆ ಬೆನ್ನುಮೂಳೆಯ ಜಾಗದಲ್ಲಿ ದೇವರು ಬೇರೇನೋ ಇಟ್ಟಿದ್ದಾನೆ ಎಂದು ನನ್ನ ನಂಬಿಕೆ. ಯಾರು ಏನು ಕೇಳಿದರೂ ಅವನ ಬಾಯಲ್ಲಿ ಬರುವುದು ಒಂದೇ ಮಾತು: ಆಗಲಿ. ಏಣಿ ಬೇಕೇ, ಆಗಲಿ. ಮದುವೆ ಮನೆಯಲ್ಲಿ ಎರಡನೇ ತಟ್ಟೆ ಬಡಿಸಿದರೆ ಅದೂ ಆಗಲಿ, ಆಮೇಲೆ ಮನೆಗೆ ಬಂದು ಹೊಟ್ಟೆ ಹಿಡಿದುಕೊಂಡು ಮಲಗುವುದು. ಒಮ್ಮೆ ಯಾರೋ ಗಿರಾಕಿ ಬಾತುಕೋಳಿಗೆ ಕಿರೀಟ ಬೇಕು ಎಂದ. ಇವನು ಕಿರೀಟ ಬರೆದುಕೊಟ್ಟು ಒಂದು ವಾರ ಕೊರಗಿದ.

ನಮ್ಮ ಜನವೆಲ್ಲ ಹೀಗೇ, ಎದುರಿಗಿದ್ದವರ ಮುಖಕ್ಕೆ ಇಲ್ಲ ಎನ್ನುವುದು ಅವರ ಮೇಲೆ ನೀರೆರಚಿದಂತೆ ಎಂದುಕೊಳ್ಳುವವರು. ಆದರೆ ಇವನದು ಅತಿ. ಹೆಂಡತಿ ಸುಪಿಯಾ ಇರುವವರೆಗೆ ಇಲ್ಲ ಎನ್ನುವ ಕೆಲಸ ಅವಳದಾಗಿತ್ತು. ಇವನು ಜಗಲಿಯಲ್ಲಿ ಆಗಲಿ ಅಂದರೆ ಒಳಗಿನಿಂದ ಅವಳು, "ಆಗಲ್ಲ ಅಂತ ಹೇಳ್ರೀ ಅವ್ರಿಗೆ, ಈ ತಿಂಗ್ಳು ಕೈ ಖಾಲಿ ಇಲ್ಲ" ಎಂದು ಕೂಗುತ್ತಿದ್ದಳು. ಗಿರಾಕಿಯೂ ನಕ್ಕು ಎದ್ದು ಹೋಗುತ್ತಿದ್ದ. ಆ ಸುಪಿಯಾ ಒಂದು ಮಳೆಗಾಲದಲ್ಲಿ ತೀರಿಕೊಂಡಳು. ಓಣಿಯಲ್ಲಿ ಸೊಂಟದವರೆಗೆ ನೀರು. ಖಬರಸ್ತಾನಕ್ಕೆ ಒಯ್ಯಲು ಗಂಡಸರು ಹಿಂದೆ ಮುಂದೆ ನೋಡುತ್ತಿದ್ದಾಗ ಊರಿನ ಮುಖ್ಯಸ್ಥರು, ನಮ್ಮ ಪಾಕ್ ಲುರಾ, ಪ್ಯಾಂಟು ಮಡಚಿಕೊಂಡು ನೀರಿಗಿಳಿದು ಮುಂದಿನ ಬಲಗಡೆ ಹೆಗಲು ಕೊಟ್ಟರು. ಸುಳ್ಳು ಹೇಳಬಾರದು, ಅದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಇನ್ನು ಗುಡ್ಡದ ವಿಷಯ. ನಮ್ಮ ಸೆಂದಾಂಗ್‌ಪಿತುವಿನ ಬೆನ್ನಿಗೆ ಸುಣ್ಣಕಲ್ಲಿನ ಗುಡ್ಡವಿದೆ. ಗುಡ್ಡದ ಬುಡದಲ್ಲಿ ಒರತೆ. ಕುಡಿಯಲು, ನಮಾಜಿಗೆ ಮೊದಲು ಕೈಕಾಲು ತೊಳೆದು ವಜೂ ಮಾಡಲು, ಗದ್ದೆಗೆ, ಲೆಲೆ ಸಾಕುವ ಹೊಂಡಗಳಿಗೆ, ಎಲ್ಲಕ್ಕೂ ಅದೇ ನೀರು. ಗುಡ್ಡವನ್ನು ಅಗೆದು ಸಿಮೆಂಟಿಗೆ ಒಯ್ಯುತ್ತೇವೆ ಎಂದು ಒಂದು ಕಂಪನಿ ಬಂತು. ಅಗೆದರೆ ಒರತೆ ಉಳಿಯುವುದಿಲ್ಲ ಎಂದು ಹೇಳಲು ಯಾರೂ ಓದಿರಬೇಕಾಗಿಲ್ಲ. ಕೊಡದ ತಳ ಒಡೆದರೆ ನೀರು ಎಲ್ಲಿ ನಿಲ್ಲುತ್ತದೆ? ಅನುಮತಿ ಕೊಡುವ ಮೊದಲು ಜಿಲ್ಲಾ ಕಚೇರಿಯಲ್ಲಿ ಊರವರ ಅಹವಾಲು ಕೇಳುವ ಸಭೆ ಇದೆ ಎಂದು ಗೊತ್ತಾಯಿತು. ಆ ದಿನ ಎಲ್ಲರೂ ಹೋಗುವುದು, ದೊಡ್ಡದೊಂದು ಬ್ಯಾನರ್ ಹಿಡಿದು ಹೋಗುವುದು ಎಂದು ಮಸೀದಿಯ ಜಗಲಿಯಲ್ಲಿ ಮಾತಾಯಿತು. ಎಲ್ಲರ ಕಣ್ಣು ಚಾಕ್ ತಸ್ರಿಪಿನ್ ಕಡೆ ತಿರುಗಿತು. ಅವನು ನೆಲ ನೋಡುತ್ತ "ಆಗಲಿ" ಎಂದ. ಕಿವಿ ಕೆಂಪಾಗಿತ್ತು, ಖುಷಿಗೆ.

ಬಟ್ಟೆ ಕೊಳ್ಳುವುದು ಬೇಡ ಎಂದವಳು ನಾನು. ಮನೆಗೊಂದು ತುಂಡು ಕೊಡಲಿ ಎಂದೆ. ಹಳೆಯ ಸರೋಂಗು, ಹಿಟ್ಟಿನ ಚೀಲ, ಬಣ್ಣ ಹೋದ ಶಾಲೆಯ ಅಂಗಿ, ತೊಟ್ಟಿಲ ಬಟ್ಟೆ ಎಲ್ಲ ಬಂತು. ಸುಪಿಯಾಳ ಒಂದು ಕಂದು ಬಾತಿಕ್ ಬಟ್ಟೆಯನ್ನು ಅವನೇ ತಂದು ನನ್ನ ಕಾಲುಮಿಷಿನ್ನಿನ ಮೇಲಿಟ್ಟು ಹೋದ. ಅದನ್ನು ನಾನು ನಟ್ಟನಡುವೆ ಕೂರಿಸಿದೆ. ಎಲ್ಲ ಸೇರಿಸಿ ಹೊಲಿದಾಗ ಬ್ಯಾಡ್ಮಿಂಟನ್ ಅಂಗಳದ ಅರ್ಧ ತುಂಬಿತು.

ಅದರ ಮೇಲೆ ಅವನು ಏನು ಬರೆದ ಗೊತ್ತೇ? ಮುಷ್ಟಿ ಬಿಗಿದ ಕೈ ಬರೆಯುತ್ತಾನೆ ಎಂದುಕೊಂಡಿದ್ದೆವು. ಅವನು ಬರೆದದ್ದು ಲೆಲೆ ಮೀನು. ಮನೆಯಷ್ಟು ದೊಡ್ಡ ಮೀನು, ಗುಡ್ಡವನ್ನು ಬಾಲದಿಂದ ಸುತ್ತಿಕೊಂಡು, ಒರತೆಯನ್ನು ಹೊಟ್ಟೆಯ ಕೆಳಗೆ ಬಚ್ಚಿಟ್ಟುಕೊಂಡು, ಎದುರಿಗೆ ಬರುವವರನ್ನು ನೆಟ್ಟ ಕಣ್ಣಿನಿಂದ ನೋಡುತ್ತಿದೆ. ಮೀಸೆಗಳು ಬಟ್ಟೆಯ ಎರಡೂ ಅಂಚಿಗೆ ಚಾಚಿದ್ದವು. ತಲೆಯ ಮೇಲೆ ದಪ್ಪ ಅಕ್ಷರದಲ್ಲಿ, ಒರತೆ ನಮ್ಮದು.

"ನಂಗೆ ಬರೋದೇ ಇದೊಂದು" ಎಂದ ನಾಚಿಕೊಂಡು.

"ಇದು ಪಾಕ್ ಮೋದಿನ್ ಥರಾನೇ ಇದೆ, ಮೀಸೆ ನೋಡು" ಎಂದೆ. ಪ್ರಾರ್ಥನೆ ಓದಿಸುವ, ಮನೆ ಮನೆಗೆ ಹೋಗಿ ಊರೂಟಕ್ಕೆ ಕರೆಯುವ ಪಾಕ್ ಮೋದಿನ್ ಅಲ್ಲೇ ನಿಂತಿದ್ದರು. ತಮ್ಮ ಮೀಸೆ ಮುಟ್ಟಿಕೊಂಡು ಅವರೂ ನಕ್ಕರು.

ಗೆರೆ ಅವನದು, ಬಣ್ಣ ತುಂಬಿದ್ದು ಊರು. ಮುದುಕಿಯರು ಕುಕ್ಕರುಗಾಲಲ್ಲಿ ಕುಳಿತು ಗುಡ್ಡಕ್ಕೆ ಹಸಿರು ಬಳಿದರು. ಮೀನಿನ ಮೈ ಬರಿದಾಗಿ ಕಾಣುತ್ತಿದೆ ಅನ್ನಿಸಿ ನಾನು ಬೆಳ್ಳಿ ಬಣ್ಣದಲ್ಲಿ ಬಾಲದಿಂದ ಕಿವಿರಿನವರೆಗೆ ಹುರುಪೆ ಬರೆಯುತ್ತ ಹೋದೆ. ಒಂದೊಂದೂ ಉಗುರಿನಂತೆ ಚಂದ. ಚಾಕ್ ತಸ್ರಿಪಿನ್ ಬಂದು ನಿಂತ. ಬಾಯಿ ತೆರೆದ, ಮುಚ್ಚಿದ.

"ಹೆಂಗಿದೆ ಚಾಕ್?"

"ಚೆನ್ನಾಗಿದೆ" ಎಂದ. ಅಂದು ಸಂಜೆಯವರೆಗೆ ಆ ಹುರುಪೆಗಳನ್ನು ನೋಡಿ ನೋಡಿ ನಿಟ್ಟುಸಿರು ಬಿಟ್ಟದ್ದನ್ನು ನಾನು ಕಂಡೆ. ಯಾಕೆ ಎಂದು ಆಗ ಹೊಳೆಯಲಿಲ್ಲ. ಕೊನೆಗೆ ಬಲಮೂಲೆಯಲ್ಲಿ ಹೆಸರು ಬರೆದ. ಇಡೀ ಊರು ಮಾತು ನಿಲ್ಲಿಸಿ ಅವನ ನಾಲಿಗೆಯ ತುದಿ ನೋಡಿತು.

ಇದಾದ ಮುಂದಿನ ವಾರ, ಒಂದು ಮಧ್ಯಾಹ್ನ, ಪಾಕ್ ಲುರಾ ಅವರ ಮೋಟರ್‌ಸೈಕಲ್ ಅವನ ಮನೆಯ ಮುಂದೆ ನಿಂತಿತು. ನಾನು ಮಿಷಿನ್ ನಿಲ್ಲಿಸಿದೆ. ಕಿಟಕಿಯಿಂದ ಎಲ್ಲ ಕಾಣುತ್ತದೆ, ಕೇಳಿಸುತ್ತದೆ, ಕೇಳಿಸಿಕೊಳ್ಳಲು ಮನಸ್ಸಿರಬೇಕು ಅಷ್ಟೇ.

ಅವರು ಜಗಲಿಯಲ್ಲಿ ಕುಳಿತರು. ಚಹಾ ಬಂತು. ಚಹಾ ಚೆನ್ನಾಗಿದೆ ಎಂದರು. ಲವಂಗದ ಸಿಗರೇಟು ಹಚ್ಚಿದರು. ಮಾವಿನ ಹೂವಿನ ಮಾತಾಡಿದರು. ಆಮೇಲೆ ಮೆಲ್ಲಗೆ, "ಸುಪಿಯಾ ಅಕ್ಕನ ಗೋರಿ ಹತ್ರ ಹುಲ್ಲು ಬೆಳೆದಿತ್ತು, ಮೊನ್ನೆ ಹುಡುಗರಿಗೆ ಹೇಳಿ ತೆಗೆಸ್ದೆ" ಎಂದರು.

"ತುಂಬ ಉಪಕಾರ ಆಯ್ತು" ಎಂದ ಇವನು.

"ಅದೆಲ್ಲ ಏನು, ಮನೆಯವರ ಥರ ಅಲ್ವಾ ನಾವು. ಒಂದು ಸಣ್ಣ ಬಟ್ಟೆ ಬರೀಬೇಕಿತ್ತು ಚಾಕ್. ಊರಬಾಗಿಲಿಗೆ ಕಟ್ಟೋಕೆ. ದೊಡ್ಡದೇನಲ್ಲ, ಬರೀ ಅಕ್ಷರ. ನಿಮ್ಮ ಕೈಯಲ್ಲಾದ್ರೆ ನೋಡೋಕೆ ಲಕ್ಷಣ." ಒಂದು ಮಡಿಸಿದ ಚೀಟಿಯನ್ನು ಲೋಟದ ಕೆಳಗೆ ಇಟ್ಟರು.

ಇವನು ಚೀಟಿ ಬಿಡಿಸಿ ಓದಿದ. ತುಂಬ ಹೊತ್ತು ಓದಿದ. ಒಳಗಿನಿಂದ ಕೂಗಿ ಹೇಳಲು ಸುಪಿಯಾ ಇರಲಿಲ್ಲ.

"ಆಗಲಿ" ಎಂದ.

ಅವತ್ತಿನಿಂದ ಎರಡು ಮೂರು ದಿನ ಅವನು ಬಾಗಿಲು ಹಾಕಿಕೊಂಡು ಕೆಲಸ ಮಾಡಿದ. ಬಾಗಿಲು ಹಾಕಿ ಅವನು ಬರೆದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಯಾವ ಬಟ್ಟೆಯೂ ನನ್ನ ಮಿಷಿನ್ನಿಗೆ ಬರಲಿಲ್ಲ.

ಒಂದು ಬೆಳಗ್ಗೆ ಸಂತೆಗೆ ಹೊರಟವರು ಊರಬಾಗಿಲಲ್ಲಿ ಗುಂಪಾಗಿ ನಿಂತಿದ್ದರು. ಬಾಗಿಲ ಕಮಾನಿಗೆ ಹೊಸ ಬಟ್ಟೆ ಕಟ್ಟಿತ್ತು. "ಸೆಂದಾಂಗ್‌ಪಿತುವಿನ ನಿವಾಸಿಗಳಾದ ನಾವೆಲ್ಲರೂ ಗಣಿಯನ್ನು ಮನಸಾರೆ ಸ್ವಾಗತಿಸುತ್ತೇವೆ." ನೀಲಿ ಅಕ್ಷರ, ಹಳದಿ ನೆರಳು, ಅಕ್ಷರಗಳ ಬಾಲ ಮೀನಿನ ಬಾಲದಂತೆ ಮೇಲಕ್ಕೆ ಚಿಮ್ಮಿದ್ದವು. ಸುಮಾತ್ರಾದ ಅಂಗಡಿಯಲ್ಲಿ ಕಂಡರೂ ನಮ್ಮೂರಿನ ಮಗು ಆ ಕೈಯನ್ನು ಗುರುತಿಸುತ್ತದೆ. ಬಲಮೂಲೆ ಖಾಲಿ. ಹೆಸರಿಲ್ಲ.

ನಾನು ಹತ್ತಿರ ಹೋಗಿ ಅಂಚು ನೋಡಿದೆ. ಕೈಯಿಂದ ಹಾಕಿದ ಹೊಲಿಗೆ, ಒಂದು ಉದ್ದ, ಒಂದು ಗಿಡ್ಡ, ಒಂದು ಮೇಲೆ, ಒಂದು ಕೆಳಗೆ, ಕುಡುಕ ನಡೆದುಹೋದ ಹಾಗೆ. ಕೈಯಲ್ಲಿ ಕುಂಚ ಹಿಡಿದರೆ ಗೆರೆ ನಡುಗದ ಮನುಷ್ಯ ಸೂಜಿ ಹಿಡಿದು ಹೊಲಿದದ್ದು. ನನ್ನ ಹತ್ತಿರ ತರಲು ಮುಖವಿಲ್ಲದೆ ತಾನೇ ಕುಳಿತು ಹೊಲಿದಿದ್ದಾನೆ. ಅಕ್ಷರ ನೋಡಿದಾಗ ನನಗೆ ಸಿಟ್ಟು ಬಂದಿತ್ತು. ಆ ಅಂಚು ನೋಡಿದ ಮೇಲೆ ಬಿಚ್ಚಿ ಜೋತಾಡುತ್ತಿದ್ದ ಒಂದು ದಾರವನ್ನು ಒಳಗೆ ಸಿಕ್ಕಿಸಿ ಸಂತೆಗೆ ನಡೆದೆ.

ಯಾರೂ ಅವನನ್ನು ಏನೂ ಕೇಳಲಿಲ್ಲ. ನಮ್ಮಲ್ಲಿ ಹಾಗೆ ಕೇಳುವುದಿಲ್ಲ. ಬಟ್ಟೆಯನ್ನು ಯಾರೂ ಬಿಚ್ಚಲೂ ಇಲ್ಲ, ಮುಖ್ಯಸ್ಥರು ಕಟ್ಟಿಸಿದ್ದು ಅಲ್ಲವೇ? ಅದರ ಕೆಳಗೇ ತಲೆ ತಗ್ಗಿಸಿ ದಿನಾ ಸಂತೆಗೆ ಹೋದರು, ಬಂದರು. ಚಾಕ್ ತಸ್ರಿಪಿನ್ ಎದುರಾದರೆ ಮಾತ್ರ ಎಲ್ಲರಿಗೂ ಚಪ್ಪಲಿಯ ಉಂಗುಟ ಸರಿಮಾಡಿಕೊಳ್ಳುವ ಕೆಲಸ ಬರುತ್ತಿತ್ತು.

ಆ ತಿಂಗಳೇ ಒರತೆ ತೊಳೆಯುವ ಹಬ್ಬ. ಕೆಸರು ತೆಗೆದು, ಕಲ್ಲು ಉಜ್ಜಿ, ಸಂಜೆ ಮಸೀದಿಯಲ್ಲಿ ಕೆಂದೂರಿ ಊಟ. ಗಂಡಸರು ಚಾಪೆಯ ಮೇಲೆ ಸುತ್ತ ಕುಳಿತು ಪ್ರಾರ್ಥನೆ ಮಾಡಿ, ಹಳದಿ ಅನ್ನದ ಗುಡ್ಡ ಹಂಚಿಕೊಂಡು, ಮನೆಗೊಂದು ಬೆರ್ಕತ್ ಬುಟ್ಟಿ, ಅಂದರೆ ಪ್ರಾರ್ಥನೆಯ ಊಟದ ಪಾಲು, ಒಯ್ಯುವುದು ಪದ್ಧತಿ. ಪಾಕ್ ಮೋದಿನ್ ಬೆಳಗ್ಗೆ ಮನೆ ಮನೆಯ ಮುಂದೆ ನಿಂತು ಹೆಸರು ಹಿಡಿದು ಕರೆಯಬೇಕು. ಕರೆಯದೆ ಯಾರೂ ಹೋಗುವುದಿಲ್ಲ. ಹಾಸಿಗೆ ಹಿಡಿದವರಿಗೆ, ಊರಲ್ಲಿಲ್ಲದವರ ಮನೆಗೆ, ಬುಟ್ಟಿ ಆಮೇಲೆ ತಲುಪುತ್ತದೆ.

ಆ ಬೆಳಗ್ಗೆ ಚಾಕ್ ತಸ್ರಿಪಿನ್ ಸ್ನಾನ ಮಾಡಿ, ಇಸ್ತ್ರಿ ಹಾಕಿದ ಸರೋಂಗು ಉಟ್ಟು ಜಗಲಿಯಲ್ಲಿ ಕುಳಿತಿದ್ದ. ಪಾಕ್ ಮೋದಿನ್ ನನ್ನ ಮನೆಯ ಮುಂದೆ ನಿಂತು ನನ್ನ ಗಂಡನನ್ನು ಕರೆದರು. ಪಕ್ಕದ ಮನೆಯವರನ್ನು ಕರೆದರು. ಅವನ ಮನೆಯ ಮುಂದೆ ಅವರ ನಡಿಗೆ ಸ್ವಲ್ಪ ಜೋರಾಯಿತು, ಅಷ್ಟೇ.

ಸಂಜೆ ಊಟದಲ್ಲಿ ಪಾಕ್ ಲುರಾ ಎಂದಿನ ಹಾಗೆ ನಡುವಿನ ಚಾಪೆಯಲ್ಲಿ ಕುಳಿತಿದ್ದರಂತೆ. ಅವರನ್ನು ಎಲ್ಲರಿಗಿಂತ ಮೊದಲು ಕರೆಯಲಾಗಿತ್ತು. ನನ್ನ ಗಂಡ ಬಂದು ಇದನ್ನು ಹೇಳಿದಾಗ ನಾನು ಸೌಟು ನೆಲಕ್ಕೆ ಬಡಿದೆ. ಬರೆಸಿದವರ ತಟ್ಟೆಗೆ ಕೋಳಿಯ ತೊಡೆ, ಬರೆದವನಿಗೆ ಬಹಿಷ್ಕಾರ. ಇಂಥ ನ್ಯಾಯ ಮಾಡುವ ಊರಿನಲ್ಲಿ ಹುಟ್ಟಿದ್ದಕ್ಕೆ ನನಗೂ ನಾಚಿಕೆಯಾಯಿತು. "ನೀನು ಯಾಕೆ ಕೇಳ್ಲಿಲ್ಲ?" ಎಂದೆ. ಅವನು, "ಎಲ್ಲರ ಮುಂದೆ ಹೆಂಗೆ ಕೇಳೋದು?" ಎಂದ. ಗಂಡಸರು!

ಚಾಕ್ ತಸ್ರಿಪಿನ್ ಪಾಲಿನ ಬುಟ್ಟಿಯನ್ನು ಒಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಅನ್ನ, ಹುರಿದ ಸೋಯಾ ತೆಂಪೆ, ತೆಂಗಿನತುರಿ ಹಾಕಿದ ಸೊಪ್ಪು, ಒಂದು ಮೊಟ್ಟೆ. ಅವನು ಅದೇ ಸರೋಂಗಿನಲ್ಲಿ, ಅದೇ ಜಾಗದಲ್ಲಿ ಕುಳಿತಿದ್ದ. ಬುಟ್ಟಿ ನೋಡಿ ಮುಖ ಬಿಳಿಚಿಕೊಂಡಿತು.

"ಮಿನಾ, ಪಾಕ್ ಮೋದಿನ್ ನಮ್ಮನೆ ಮರೆತ್ರಾ?"

"ಮರೆತಿಲ್ಲ. ಬುಟ್ಟಿ ಕಳ್ಸಿದಾರಲ್ಲ."

"ಬುಟ್ಟಿ ಹಾಸ್ಗೆ ಹಿಡಿದೋರಿಗೆ ಕಳ್ಸೋದು. ನಂಗೇನು ಕಾಯಿಲೆ?"

"ಅದನ್ನ ನೀನೇ ಹೇಳ್ಬೇಕು ಚಾಕ್."

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಬೆರಳ ಸಂದಿಯಲ್ಲಿ ಇನ್ನೂ ನೀಲಿ ಬಣ್ಣ ಇತ್ತು. "ಅವ್ರು ಅವಳಿಗೆ ಹೆಗಲು ಕೊಟ್ಟಿದ್ರು ಮಿನಾ" ಎಂದ. "ಆ ನೀರಲ್ಲಿ. ಹೆಂಗೆ ಇಲ್ಲ ಅನ್ಲಿ?"

"ಅವಳು ಬದ್ಕಿದ್ರೆ ಅನ್ತಿದ್ಲು" ಎಂದೆ. "ಆ ದೊಡ್ಡ ಬಟ್ಟೆ ನಡುವೆ ಅವಳ ಬಾತಿಕ್ ಹೊಲ್ದಿದೀನಿ ನಾನು. ಒಂದು ಕಡೆ ಅವಳ ಬಟ್ಟೆ, ಇನ್ನೊಂದು ಕಡೆ ಆ ಕಮಾನಿಂದು. ಎರಡಕ್ಕೂ ನಿಂದೇ ಕೈ. ನಾಚ್ಕೆ ಆಗಲ್ವಾ?"

"ಆಗ್ತಿದೆ" ಎಂದ. "ಬೇರೇನೂ ಆಗ್ತಾ ಇಲ್ಲ ನಂಗೆ. ಊಟ ಸೇರಲ್ಲ, ಕುಂಚ ಹಿಡ್ಯೋಕಾಗಲ್ಲ. ನಾಚ್ಕೆ ಒಂದೇ ಆಗ್ತಿರೋದು."

ನಾನು ಇನ್ನೂ ನಾಲ್ಕು ಮಾತು ಸಿದ್ಧ ಮಾಡಿಕೊಂಡು ಹೋಗಿದ್ದೆ. ಅವನ್ನು ನುಂಗಿಕೊಂಡು ವಾಪಸು ಬಂದೆ. ಮರುದಿನ ಅವನ ಅಂಗಳದಲ್ಲಿ ಕೋಳಿಗಳು ಹಳದಿ ಅನ್ನ ಕೆದಕುತ್ತಿದ್ದವು.

ಸಭೆಯ ದಿನ ಬಂತು. ಲಾರಿಗಳಲ್ಲಿ ಹೋದೆವು. ಮೀನಿನ ಬ್ಯಾನರನ್ನು ಏನು ಮಾಡುವುದು ಎಂದು ಒಂದಿಬ್ಬರು ಗೊಣಗಿದರು, ಅವನ ಕೈಯದಲ್ಲವೇ ಎಂದು. "ಹೊಲಿದದ್ದು ನಾನು, ಬಟ್ಟೆ ನಿಮ್ಮದು, ಬಾಯಿ ಮುಚ್ಕೊಂಡು ಹಿಡೀರಿ" ಎಂದೆ. ಹಿಡಿದರು. ಜಿಲ್ಲಾ ಕಚೇರಿಯ ಮುಂದಿನ ಬೀದಿಯಲ್ಲಿ ಗಾಳಿಗೆ ಅದು ಉಬ್ಬಿದಾಗ ಮೀನು ಉಸಿರಾಡಿದಂತೆ ಕಂಡಿತು. ಹಾದಿಹೋಕರು ಗಾಡಿ ನಿಲ್ಲಿಸಿ ನೋಡಿದರು. ಚಾಕ್ ತಸ್ರಿಪಿನ್ ಯಾವ ಲಾರಿಯಲ್ಲಿ ಬಂದನೋ ಗೊತ್ತಿಲ್ಲ. ಕಾಂಪೌಂಡಿನ ಗೋಡೆಗೆ ಒರಗಿ ದೂರದಲ್ಲಿ ನಿಂತಿದ್ದ. ಒಳಗೆ ಕೆಲವರನ್ನು ಬಿಟ್ಟಾಗ ಅವನೂ ಹಿಂದಿನಿಂದ ಬಂದು ಬಾಗಿಲ ಬಳಿ ನೆಲದ ಮೇಲೆ ಕುಳಿತ. ಕುರ್ಚಿಗಳು ಖಾಲಿಯಿದ್ದವು.

ಅಧಿಕಾರಿಣಿ ಕನ್ನಡಕ ಹಾಕಿದ ನಡುವಯಸ್ಸಿನ ಹೆಂಗಸು. ನಮ್ಮವರು ಒರತೆಯ ಬಗ್ಗೆ ಹೇಳಿದರು. ಆಮೇಲೆ ಕಂಪನಿಯವನು ಎದ್ದು ಗೋಡೆಯ ಮೇಲೆ ಒಂದು ಚಿತ್ರ ಬೀಳಿಸಿದ. ನಮ್ಮ ಊರಬಾಗಿಲು. ನೀಲಿ ಅಕ್ಷರ, ಹಳದಿ ನೆರಳು. ನಾವೆಲ್ಲರೂ, ಮನಸಾರೆ.

"ಬೀದೀಲಿ ಕೂಗೋರು ಹೊರಗಿನೋರು ಹೇಳ್ಕೊಟ್ಟೋರು ಮೇಡಂ" ಎಂದ ಅವನು. "ಊರಿನ ನಿಜವಾದ ಮಾತು ಊರಿನ ಬಾಗಿಲಲ್ಲೇ ಇದೆ."

"ಇದನ್ನ ಕಟ್ಟಿದ್ದು ಯಾರು?" ಅಧಿಕಾರಿಣಿ ಪಾಕ್ ಲುರಾ ಅವರತ್ತ ನೋಡಿದರು.

"ನಿವಾಸಿಗಳೇ ಮೇಡಂ. ತಾವಾಗಿ ತಾವೇ ಮಾಡ್ಕೊಂಡ್ರು. ಒಂದಕ್ಷರ ನಾನು ಹೇಳ್ಕೊಟ್ಟಿಲ್ಲ."

ನಮ್ಮ ಸಾಲಿನಲ್ಲಿ ಕುಳಿತವರೆಲ್ಲ ಮಡಿಲು ನೋಡಿಕೊಂಡರು. ಪಾಕ್ ಲುರಾ ಅವರ ಮುಖದ ಮೇಲೆ ಅದು ಸುಳ್ಳು ಎನ್ನಲು ಒಬ್ಬರಿಗೂ ನಾಲಿಗೆ ಏಳಲಿಲ್ಲ. ಅಧಿಕಾರಿಣಿ ಪೆನ್ನು ಎತ್ತಿದರು. ಅವರು ಅದನ್ನು ಬರೆದುಕೊಂಡರೆ ಗುಡ್ಡ ಹೋದ ಹಾಗೆ, ಒರತೆ ಹೋದ ಹಾಗೆ.

ಬಾಗಿಲ ಬಳಿ ಯಾರೋ ಕೆಮ್ಮಿದರು. ಚಾಕ್ ತಸ್ರಿಪಿನ್ ಎದ್ದು, ಹಿರಿಯರ ಮುಂದೆ ಹಾದುಹೋಗುವಾಗ ಮಾಡುವಂತೆ ಬೆನ್ನು ಬಗ್ಗಿಸಿ, ಬಲಗೈ ನೆಲದತ್ತ ಚಾಚಿಕೊಂಡು ಸಾಲುಗಳ ನಡುವೆ ಮುಂದೆ ಬಂದ. ತೋರುಬೆರಳು ಚಾಚುವುದು ಮರ್ಯಾದೆಯಲ್ಲವೆಂದು ಹೆಬ್ಬೆರಳಿನಿಂದ ಗೋಡೆಯ ಚಿತ್ರವನ್ನು ತೋರಿಸಿದ.

"ಕ್ಷಮಿಸ್ಬೇಕು. ಅದು ನನ್ನ ಕೈಬರಹ."

ಮುಂದಿನ ಸಾಲಿನವರೆಲ್ಲ ಕತ್ತು ತಿರುಗಿಸಿದರು.

"ನಿವಾಸಿಗಳು ಯಾರೂ ಹೇಳಿಲ್ಲ. ಯಾರಿಗೂ ಗೊತ್ತಿರ್ಲಿಲ್ಲ. ಪಾಕ್ ಲುರಾ ಅವ್ರು ಚೀಟಿ ಕೊಟ್ರು, ನಾನು ಬಾಗ್ಲು ಹಾಕ್ಕೊಂಡು ಬರ್ದೆ. ಹೆಸರು ಹಾಕ್ಲಿಲ್ಲ, ನಾಚ್ಕೆಗೆ."

ಪಾಕ್ ಲುರಾ ನಕ್ಕರು. ದನಿ ಜೇನಿನ ಹಾಗೇ ಇತ್ತು. "ಚಾಕ್, ಸ್ವಲ್ಪ ನೆನಪು ಮಾಡ್ಕೊಳ್ಳಿ. ನಾನು ಬಲವಂತ ಮಾಡಿದ್ನಾ? ನೀವೇ ಆಗಲಿ ಅಂದ್ರಲ್ವಾ? ಮನೆಯವರ ಥರ ಅಲ್ವಾ ನಾವು?"

ಅವನು ಬಾಗಿಲ ಬಳಿ ತಾನು ಬಿಟ್ಟುಬಂದ ಜಾಗದತ್ತ ಒಮ್ಮೆ ತಿರುಗಿ ನೋಡಿದ. ಈಗ ಕೂತುಬಿಡುತ್ತಾನೆ ಎಂದುಕೊಂಡೆ.

"ಅಂದೆ" ಎಂದ. "ನನ್ನ ಹೆಂಡ್ತಿಗೆ ನೀವು ಹೆಗಲು ಕೊಟ್ಟಿದ್ರಿ. ಆ ಋಣ ನಂದು, ಊರಿಂದಲ್ಲ. ನನ್ನ ಋಣಕ್ಕೆ ಊರಿನ ನೀರು ಕೊಟ್ಬಿಟ್ಟೆ. ಅವತ್ತೇ ಇಲ್ಲ ಅನ್ಬೇಕಿತ್ತು." ಬಗ್ಗಿಸಿದ್ದ ಬೆನ್ನು ನೇರ ಮಾಡಿದ. "ಇಲ್ಲ, ಪಾಕ್ ಲುರಾ. ಈಗ ಅನ್ತಿದೀನಿ. ಇಲ್ಲ."

ಅವನ ಬಾಯಿಂದ ಆ ಮಾತು ಕೇಳಿದ್ದು ನನಗೆ ಅದೇ ಮೊದಲು. ಚಿಕ್ಕ ಮಾತು. ಅವನ ಮುಖದ ತುಂಬ ಬೆವರು.

"ಯಾರು ಬೇಕಾದ್ರೂ ನಾನೇ ಬರ್ದೆ ಅನ್ನಬಹುದು" ಎಂದ ಕಂಪನಿಯವನು. ಅಧಿಕಾರಿಣಿ ಪೆನ್ನು ಕೆಳಗಿಟ್ಟರು. ಎದ್ದು ಕಿಟಕಿಯ ಬಳಿ ಹೋದರು. ಕೆಳಗೆ ಬೀದಿಯಲ್ಲಿ ನಮ್ಮ ಮೀನು ನಿಂತಿತ್ತು, ಅದರ ತಲೆಯ ಮೇಲೆ ಒರತೆ ನಮ್ಮದು ಎಂದು ಬರೆದ ದಪ್ಪ ಅಕ್ಷರ, ಅದೇ ಥರ ಮೇಲಕ್ಕೆ ಚಿಮ್ಮಿದ ಅಕ್ಷರಗಳ ಬಾಲ. ಅವರು ಅದನ್ನು ನೋಡಿದರು, ತಿರುಗಿ ಗೋಡೆಯನ್ನು ನೋಡಿದರು, ಮತ್ತೆ ಬೀದಿಯನ್ನು ನೋಡಿದರು. ಬಂದು ಕುಳಿತು, "ಈ ಚಿತ್ರ ಸಾಕ್ಷಿ ಅಂತ ತಗೊಳ್ಳೋಕಾಗಲ್ಲ" ಎಂದು ಹೇಳಿ ಮುಂದಿನವರನ್ನು ಕರೆದರು.

ಗುಡ್ಡ ಉಳಿಯಿತು ಎಂದು ಹೇಳಲು ನನಗೂ ಆಸೆ. ಅನುಮತಿ ಸಿಕ್ಕಿಲ್ಲ, ಕಂಪನಿ ಹೋಗಿಯೂ ಇಲ್ಲ. ಇನ್ನೊಂದು ಸಭೆ ಇದೆ ಎನ್ನುತ್ತಾರೆ. ಒರತೆ ಸದ್ಯಕ್ಕೆ ಹರಿಯುತ್ತಿದೆ.

ವಾಪಸು ಬರುವಾಗ ಲಾರಿಯಲ್ಲಿ ಅವನ ಪಕ್ಕ ಜಾಗ ಮಾಡಿಕೊಟ್ಟರು. ಯಾರೂ ಬೆನ್ನು ತಟ್ಟಲಿಲ್ಲ, ಅವನೂ ತಲೆ ಎತ್ತಲಿಲ್ಲ. ಎಲ್ಲರೂ ತಂತಮ್ಮ ಕಾಲ್ಬೆರಳು ನೋಡುತ್ತ ಬಂದರು. ಅವನೊಬ್ಬನೇ ತಪ್ಪು ಮಾಡಿದ್ದರೆ ಬೈದು ಹಗುರಾಗಬಹುದಿತ್ತು. ಆ ಸಾಲಿನಲ್ಲಿ ಮಡಿಲು ನೋಡಿಕೊಂಡವರು ಯಾರನ್ನು ಬೈಯುತ್ತಾರೆ?

ಮುಂದಿನ ಕೆಂದೂರಿ ಯಾರದೋ ಮನೆಯ ಮೊಮ್ಮಗುವಿನದು. ಪಾಕ್ ಮೋದಿನ್ ಅವನ ಜಗಲಿಯ ಮುಂದೆ ನಿಂತು ಓಣಿಗೆಲ್ಲ ಕೇಳುವಂತೆ ಕರೆದರು: "ಚಾಕ್ ತಸ್ರಿಪಿನ್! ಸಂಜೆ ಬನ್ನಿ!" ನಾನು ಮಿಷಿನ್ ನಿಲ್ಲಿಸಿದೆ.

"ಇಲ್ಲ ಪಾಕ್ ಮೋದಿನ್" ಎಂದ ಒಳಗಿನಿಂದ. "ಚಾಪೆ ಮೇಲೆ ಕೂರೋ ಮುಖ ಇನ್ನೂ ಬಂದಿಲ್ಲ. ಈ ಸಲ ಬುಟ್ಟೀನೇ ಕಳ್ಸಿ, ತಿಂತೀನಿ."

ಪಾಕ್ ಮೋದಿನ್ ಮೀಸೆ ಮುಟ್ಟಿಕೊಂಡು ಮುಂದಿನ ಮನೆಗೆ ಹೋದರು. ಇಲ್ಲ ಎನ್ನುವುದನ್ನು ಕಲಿತ ಮನುಷ್ಯ ಮೊದಲು ತನ್ನ ಮೇಲೇ ಪ್ರಯೋಗ ಮಾಡಿಕೊಳ್ಳಬೇಕೇ?

ಬುಟ್ಟಿ ಹಿಡಿದು ಹೋದಾಗ ಅವನು ಏಣಿಯ ಮೇಲಿದ್ದ. ಊರಬಾಗಿಲಿನ ಬಟ್ಟೆಯನ್ನು ಬಿಚ್ಚಿ ತಂದು ತನ್ನ ಜಗಲಿಯ ಮುಂದೆ, ಬೀದಿಗೆ ಮುಖ ಮಾಡಿ ಕಟ್ಟುತ್ತಿದ್ದ. ನಾವೆಲ್ಲರೂ, ಮನಸಾರೆ. ಬಲಮೂಲೆಯಲ್ಲಿ ಬಣ್ಣ ಇನ್ನೂ ಹಸಿ: ಬರೆದವನು ತಸ್ರಿಪಿನ್.

"ತಲೆ ಕೆಟ್ಟಿದ್ಯಾ ನಿಂಗೆ? ಸುಟ್ಟುಹಾಕೋದು ಬಿಟ್ಟು!"

"ಬಿಸ್ಲು ಬೀಳುತ್ತೆ ಜಗಲಿಗೆ" ಎಂದ. "ಮರೆಗೆ ಇರ್ಲಿ. ಗಿರಾಕಿಗಳು ಬಂದಾಗ ನೋಡ್ಲಿ, ಯಾರ ಹತ್ರ ಬರೆಸ್ತಾ ಇದೀವಿ ಅಂತ."

"ಇಳೀ ಕೆಳಗೆ."

ಅವನು ಇಳಿದು ಬುಟ್ಟಿ ಬಿಚ್ಚಿ ಉಣ್ಣಲು ಕುಳಿತ. ನಾನು ಏಣಿ ಹತ್ತಿ ಬಟ್ಟೆ ಇಳಿಸಿದೆ. ಅಕ್ಷರ ಇರಲಿ, ಅದು ಅವನ ಹಣೆಬರಹ. ಆದರೆ ಆ ಅಂಚನ್ನು ದಿನಾ ಎದುರುಮನೆಯಿಂದ ನೋಡುತ್ತ ಕೂರುವುದು ನನ್ನಿಂದಾಗುವ ಕೆಲಸವಲ್ಲ. ಮನೆಯಿಂದ ಬ್ಲೇಡು, ಸೂಜಿ, ದಾರ ತಂದು ಅವನ ಜಗಲಿಯಲ್ಲೇ ಕುಳಿತು ಅವನ ಸೊಟ್ಟ ಹೊಲಿಗೆಯನ್ನು ಒಂದೊಂದಾಗಿ ಕಿತ್ತು, ಮಡಿಕೆ ನೇರ ಮಾಡಿ, ಹೊಲಿಯತೊಡಗಿದೆ.

ಅವನು ಅನ್ನ ಕಲಸುವುದನ್ನು ನಿಲ್ಲಿಸಿ ನನ್ನ ಬೆರಳುಗಳನ್ನೇ ನೋಡುತ್ತಿದ್ದ. ಆಮೇಲೆ ತಟ್ಟೆಗೆ ಹೇಳುವಂತೆ ಹೇಳಿದ:

"ಮಿನಾ. ಲೆಲೆ ಮೀನಿಗೆ ಹುರುಪೆ ಇರಲ್ಲ."

ನಾನು ಸೂಜಿ ನಿಲ್ಲಿಸಿದೆ. ಹುಟ್ಟಿದಾಗಿನಿಂದ ಆ ಮೀನು ಉಜ್ಜಿ ತೊಳೆದ ಕೈ ನನ್ನದು. ನುಣ್ಣನೆ ಮೈ, ಜಾರುವ ಮೈ. ಬಣ್ಣದ ಖುಷಿಯಲ್ಲಿ ನನಗೇ ಹೊಳೆದಿರಲಿಲ್ಲ, ಊರಿನಲ್ಲಿ ಒಬ್ಬರಿಗೂ ಹೇಳಲು ಬಾಯಿ ಬಂದಿರಲಿಲ್ಲ.

"ಅವತ್ತೇ ಹೇಳೋಕೇನಾಗಿತ್ತು ನಿಂಗೆ?" ಎಂದು ರೇಗಿದೆ.

"ಹೇಳ್ಬೇಕಿತ್ತು" ಎಂದ. ಕಣ್ಣು ತಟ್ಟೆಯ ಮೇಲೇ ಇತ್ತು. "ಅವತ್ತೇ ಹೇಳ್ಬೇಕಿತ್ತು."

ಅವನು ಉಂಡು ಮುಗಿಸುವವರೆಗೆ ನಾನು ಹೊಲಿದೆ. ಆಮೇಲೆ ಒಂದು ತುದಿ ಅವನು, ಒಂದು ತುದಿ ನಾನು ಹಿಡಿದು ಬಟ್ಟೆಯನ್ನು ಮತ್ತೆ ಅಲ್ಲೇ ಕಟ್ಟಿದೆವು.